ಬೋರ್ಡ್ ಇಲ್ಲದ ಕಡೆಯೂ ನಿಯಮವಿದೆ: ರಸ್ತೆ ಬದಿಯ ನಿಲುಗಡೆ ಮತ್ತು ರಸ್ತೆಯ ಮೇಲಿನ ಗೆರೆಗಳು

ಮಂಗಳೂರಿನ ಹಂಪನಕಟ್ಟೆಯಲ್ಲಾಗಲಿ ಉಡುಪಿಯ ಕಲ್ಸಂಕದಲ್ಲಾಗಲಿ, ನಿಲ್ಲಿಸಿಟ್ಟ ಕಾರಿನ ಚಕ್ರಕ್ಕೆ ಸಂಚಾರ ಪೊಲೀಸರು ಬೀಗ ಹಾಕುತ್ತಿರುವಾಗ ಓಡೋಡಿ ಬರುವ ಮಾಲೀಕರ ಮೊದಲ ಮಾತು ಬಹುಪಾಲು ಒಂದೇ ಆಗಿರುತ್ತದೆ: “ಇಲ್ಲಿ ನೋ ಪಾರ್ಕಿಂಗ್ ಬೋರ್ಡ್ ಎಲ್ಲಿದೆ ಸರ್?” ಬೋರ್ಡ್ ಇಲ್ಲವೆಂದರೆ ನಿಲ್ಲಿಸಲು ಅಡ್ಡಿಯಿಲ್ಲ ಎಂಬ ನಂಬಿಕೆ ಈ ಪ್ರಶ್ನೆಯ ಬೆನ್ನಿಗಿದೆ. ಲೈಸೆನ್ಸ್ ಪಡೆದು ಇಪ್ಪತ್ತು ವರ್ಷ ದಾಟಿದವರಲ್ಲೂ ಈ ನಂಬಿಕೆ ಗಟ್ಟಿಯಾಗಿಯೇ ಇದೆ. ಕಾನೂನು ಹೇಳುವುದು ಬೇರೆ. ಬೋರ್ಡ್ ಎಂಬುದು ಒಂದು ನಿರ್ದಿಷ್ಟ ಜಾಗಕ್ಕೆ ಅಧಿಕಾರಿಗಳು ಸೇರಿಸಿದ ಹೆಚ್ಚುವರಿ ಸೂಚನೆ ಮಾತ್ರ. ಅದಕ್ಕೂ ಮೊದಲೇ, ಯಾವ ಬೋರ್ಡಿನ ಹಂಗೂ ಇಲ್ಲದೆ, ದೇಶದ ಎಲ್ಲ ರಸ್ತೆಗಳಿಗೂ ಅನ್ವಯಿಸುವ ನಿಲುಗಡೆ ನಿಯಮಗಳು ಜಾರಿಯಲ್ಲಿವೆ. ಚಾಲಕ ಮೊದಲು ತಿಳಿಯಬೇಕಾದದ್ದು ಈ ಬರೆಯದ, ಅಂದರೆ ರಸ್ತೆಯಲ್ಲಿ ಎಲ್ಲಿಯೂ ಬರೆದು ನಿಲ್ಲಿಸದ, ನಿಯಮಗಳನ್ನೇ.

1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಈ ವಿಷಯದ ಮೂಲಸೂತ್ರ. ಸಾರ್ವಜನಿಕ ಸ್ಥಳದಲ್ಲಿ ಬೇರೆಯವರಿಗೆ ಅಪಾಯ, ಅಡಚಣೆ ಅಥವಾ ಅತಿಯಾದ ಅನನುಕೂಲ ಆಗುವಂತೆ, ಇಲ್ಲವೇ ಆಗುವ ಸಂಭವ ಇರುವಂತೆ, ವಾಹನವನ್ನು ನಿಲ್ಲಿಸಿರಬಾರದು ಎಂದು ಅದು ಹೇಳುತ್ತದೆ. “ಆಗುವ ಸಂಭವ” ಎಂಬ ಮಾತನ್ನು ಗಮನಿಸಬೇಕು. ನಿಮ್ಮ ಕಾರಿನಿಂದಾಗಿ ಅಪಘಾತ ಆಗಲೇಬೇಕೆಂದಿಲ್ಲ, ಯಾರಾದರೂ ಬಂದು ದೂರಬೇಕೆಂದೂ ಇಲ್ಲ. ತೊಂದರೆಯಾಗುವಂತಹ ಜಾಗದಲ್ಲಿ ಅದು ನಿಂತಿದ್ದರೆ ಅಷ್ಟೇ ಸಾಕು. ಈ ಸೂತ್ರವನ್ನು ಬಿಡಿಸಿ ಹೇಳುವ ಕೆಲಸವನ್ನು ಮೊದಲು 1989ರ ರಸ್ತೆ ನಿಬಂಧನೆಗಳು ಮಾಡಿದವು, ಅವುಗಳ ಸ್ಥಾನದಲ್ಲಿ 2017ರಿಂದ ಮೋಟಾರು ವಾಹನ ಚಾಲನಾ ನಿಬಂಧನೆಗಳು ಬಂದಿವೆ. 1989ರ ಪಟ್ಟಿ ಚಿಕ್ಕದು, ಆದರೆ ಕರಾವಳಿಯ ಯಾವ ಪೇಟೆಯಲ್ಲಿ ನಿಂತು ಓದಿದರೂ ಎದುರಿಗೇ ಉದಾಹರಣೆ ಸಿಗುವಂಥದ್ದು: ರಸ್ತೆಗಳು ಕೂಡುವಲ್ಲಿ, ತಿರುವಿನಲ್ಲಿ, ಗುಡ್ಡದ ನೆತ್ತಿಯಲ್ಲಿ, ಗೂನು ಸೇತುವೆಯ ಮೇಲೆ ನಿಲ್ಲಿಸಬಾರದು, ಫುಟ್‌ಪಾತ್ ಮೇಲೆ ನಿಲ್ಲಿಸಬಾರದು, ಸಿಗ್ನಲ್ ದೀಪದ ಬಳಿ, ಪಾದಚಾರಿಗಳು ದಾಟುವ ಪಟ್ಟೆಯ ಬಳಿ ನಿಲ್ಲಿಸಬಾರದು, ಬಸ್ ನಿಲ್ದಾಣ, ಶಾಲೆ, ಆಸ್ಪತ್ರೆಗಳ ಬಾಗಿಲಲ್ಲಿ, ಸಂಚಾರ ಫಲಕವನ್ನಾಗಲಿ ಅಗ್ನಿಶಾಮಕದ ನೀರಿನ ಕೊಳಾಯಿಯನ್ನಾಗಲಿ ಮರೆಮಾಡುವಂತೆ ನಿಲ್ಲಿಸಬಾರದು, ನಿಂತಿರುವ ಇನ್ನೊಂದು ವಾಹನದ ಎದುರಿಗೋ ಮಗ್ಗುಲಿಗೋ ಅಡ್ಡಿಯಾಗಿ ನಿಲ್ಲಿಸಬಾರದು, ರಸ್ತೆಯ ತಪ್ಪು ಬದಿಯಲ್ಲಿ, ಫುಟ್‌ಪಾತಿನ ಅಂಚಿನಿಂದ ದೂರವಾಗಿ ನಿಲ್ಲಿಸಬಾರದು. ಈ ಯಾವ ಸಂದರ್ಭದಲ್ಲೂ ಬೋರ್ಡ್ ಇರಬೇಕೆಂಬ ಷರತ್ತು ಇರಲಿಲ್ಲ.

ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಅದರ ಹಿಂದಿನ ಕಾರಣವನ್ನು ಅರಿಯುವುದು ಸುಲಭ. ಇಷ್ಟೂ ನಿಷೇಧಗಳು ಎರಡು ಪ್ರಶ್ನೆಗಳಿಂದ ಹುಟ್ಟಿವೆ. ನಿಂತ ನಿಮ್ಮ ವಾಹನ ಯಾರ ನೋಟವನ್ನು ಮರೆಮಾಡುತ್ತದೆ ಎಂಬುದು ಒಂದು, ಯಾರ ದಾರಿಯನ್ನು ಕಿರಿದಾಗಿಸುತ್ತದೆ ಎಂಬುದು ಇನ್ನೊಂದು.

ನೋಟದ ವಿಷಯವನ್ನು ಮೊದಲು ನೋಡೋಣ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬರುವ ವಾಹನ ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ಎದುರಿಗೆ ಮಗುವೊಂದು ಓಡಿ ಬಂದದ್ದು ಕಣ್ಣಿಗೆ ಬಿದ್ದು ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಒಂದು ಸೆಕೆಂಡ್ ಕಳೆಯುತ್ತದೆ. ಬಳಿಕ ಒದ್ದೆ ರಸ್ತೆಯಲ್ಲಿ ವಾಹನ ಪೂರ್ತಿ ನಿಲ್ಲಲು ಇನ್ನೂ ಹದಿನೈದು ಮೀಟರ್ ಬೇಕು. ಒಟ್ಟು 25 ಮೀಟರಿಗಿಂತ ಹೆಚ್ಚು, ಅಂದರೆ ಐದಾರು ಕಾರುಗಳನ್ನು ಸಾಲಾಗಿ ನಿಲ್ಲಿಸಿದಷ್ಟು ಉದ್ದ. ಜಂಕ್ಷನ್ನಿನ ಮೂಲೆಯಲ್ಲಿ ಒಂದು ವ್ಯಾನ್ ನಿಂತಿದ್ದರೆ ಅಡ್ಡರಸ್ತೆಯಿಂದ ಬರುವ ಸ್ಕೂಟರ್ ಸವಾರಳಿಗೆ ಮುಖ್ಯ ರಸ್ತೆಯ ಆ 25 ಮೀಟರ್ ಕಾಣುವುದಿಲ್ಲ. ನೋಡುವುದಕ್ಕೆಂದೇ ಆಕೆ ಮುಂದಿನ ಚಕ್ರವನ್ನು ಹರಿವ ಸಂಚಾರದೊಳಗೆ ಚಾಚಬೇಕಾಗುತ್ತದೆ. ಬೆಂದೂರ್‌ವೆಲ್, ಕಂಕನಾಡಿ, ಮಲ್ಲಿಕಟ್ಟೆಯ ಸುತ್ತಲಿನ ಒಳರಸ್ತೆಗಳಿಂದ ಮುಖ್ಯ ರಸ್ತೆಗೆ ಇಳಿಯುವವರೆಲ್ಲ ದಿನವೂ ಮಾಡುವ ಸಾಹಸ ಇದು. ಪಾದಚಾರಿ ಪಟ್ಟೆಯ ಪಕ್ಕದಲ್ಲಿ ನಿಂತ ಕಾರಿನ ಕಥೆಯೂ ಇದೇ, ಅಲ್ಲಿ ಮರೆಯಾಗುವುದು ಮಾತ್ರ ಮನುಷ್ಯ, ಅದರಲ್ಲೂ ಬಾನೆಟ್ಟಿಗಿಂತ ಎತ್ತರವಿಲ್ಲದ ಶಾಲಾ ಮಕ್ಕಳು.

ಗುಡ್ಡದ ನೆತ್ತಿಯ ನಿಯಮ ಬಯಲುಸೀಮೆಯವರಿಗೆ ಪುಸ್ತಕದ ಮಾತಾಗಿ ಕಾಣಬಹುದು. ಏರು ಇಳಿಜಾರುಗಳ ಮೇಲೆಯೇ ಬೆಳೆದಿರುವ ಮಂಗಳೂರಿನಲ್ಲಿ ಅದು ದಿನನಿತ್ಯದ ಸಂಗತಿ. ಲೈಟ್‌ಹೌಸ್ ಹಿಲ್ ಕಡೆಗೋ ಕದ್ರಿಯ ಕಡೆಗೋ ಏರು ಹತ್ತುತ್ತಿರುವ ಚಾಲಕನಿಗೆ ನೆತ್ತಿಯ ಆಚೆ ಏನಿದೆಯೆಂದು ತಿಳಿಯುವುದು ನೆತ್ತಿಗೆ ಬಂದ ಮೇಲೆಯೇ. ಅಲ್ಲಿ ಯಾರಾದರೂ ಎಳನೀರು ಕುಡಿಯಲೆಂದು ಕಾರು ನಿಲ್ಲಿಸಿದ್ದರೆ, ಅದನ್ನು ಬಳಸಿ ಹೋಗಲು ಆತ ಎದುರು ಬದಿಗೆ ಹೊರಳಬೇಕು, ಎದುರಿನಿಂದ ಬರುತ್ತಿರುವವನಿಗೂ ಆಗ ಕಾಣುವುದು ಆಕಾಶ ಮಾತ್ರ.

ಇನ್ನು ಅಗಲದ ಲೆಕ್ಕ. ಎರಡು ಲೇನಿನ ರಸ್ತೆಯ ಅಗಲ ಸಾಮಾನ್ಯವಾಗಿ 7 ಮೀಟರ್. ಕಾರೊಂದರ ಅಗಲ ಸುಮಾರು 1.8 ಮೀಟರ್, ಅಂಚಿನಿಂದ ಒಂದು ಅಡಿ ಬಿಟ್ಟು ನಿಲ್ಲಿಸಿದರೆ ಅದು ಆಕ್ರಮಿಸುವುದು 2.1 ಮೀಟರ್. ಎದುರುಬದುರಾಗಿ ಎರಡು ಕಾರು ಹೀಗೆ ನಿಂತರೆ ನಡುವೆ ಉಳಿಯುವುದು 2.8 ಮೀಟರ್. ನಮ್ಮ ಸಿಟಿ ಬಸ್ಸು ಕನ್ನಡಿಗಳನ್ನು ಬಿಟ್ಟೇ ಸುಮಾರು 2.5 ಮೀಟರ್ ಅಗಲವಿರುತ್ತದೆ. ಎರಡೂ ಕಾರಿನ ಮಾಲೀಕರು ತಾವು ಪೂರ್ತಿ ಬದಿಗೆ ಸರಿಸಿಯೇ ನಿಲ್ಲಿಸಿದ್ದೇವೆಂದು ಪ್ರಾಮಾಣಿಕವಾಗಿ ಹೇಳಬಲ್ಲರು, ಆದರೂ ರಸ್ತೆ ಮುಚ್ಚಿದೆ. “ನಿಂತಿರುವ ವಾಹನದ ಎದುರಿಗೆ ನಿಲ್ಲಿಸಬಾರದು” ಎಂಬ ನಿಯಮದ ಅರ್ಥ ಇಲ್ಲಿದೆ: ಎರಡನೆಯದಾಗಿ ಬಂದವನು ಮೊದಲನೆಯವನ ನಿಲುಗಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಂಗಳೂರಿನ ಬಂದರು ಪ್ರದೇಶದ ಹಳೆಯ ಬೀದಿಗಳಲ್ಲಿ, ರಥಬೀದಿಯ ಆಸುಪಾಸಿನಲ್ಲಿ, 7 ಮೀಟರ್ ಎಂಬುದೇ ದೊಡ್ಡ ಮಾತು. ಅಂಥ ಕಡೆ ಒಂದೇ ಬದಿಯ ನಿಲುಗಡೆಯೂ ಅಗ್ನಿಶಾಮಕ ವಾಹನವನ್ನು ತಡೆಯಬಲ್ಲದು.

ನಿಲ್ಲಿಸುವುದು ಮತ್ತು ಪಾರ್ಕ್ ಮಾಡುವುದು ಒಂದೇ ಅಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಪ್ರಯಾಣಿಕರನ್ನು ಇಳಿಸಿ ಆ ಕೂಡಲೇ ಹೊರಡುವುದು ನಿಲ್ಲಿಸುವಿಕೆ. ಅದಕ್ಕಿಂತ ಹೆಚ್ಚು ಹೊತ್ತು ಕಾಯುವುದು ಪಾರ್ಕಿಂಗ್. ರಸ್ತೆ ಫಲಕಗಳಲ್ಲೂ ಈ ವ್ಯತ್ಯಾಸವಿದೆ. ಕೆಂಪು ಅಂಚಿನ ನೀಲಿ ವೃತ್ತದಲ್ಲಿ ಒಂದೇ ಓರೆಗೆರೆ ಇದ್ದರೆ ಅದು ನೋ ಪಾರ್ಕಿಂಗ್. ಅಲ್ಲಿ ಅಜ್ಜಿಯನ್ನು ಇಳಿಸಿ ಮುಂದೆ ಹೋಗಬಹುದು. ಅದೇ ವೃತ್ತದಲ್ಲಿ ಎರಡು ಗೆರೆಗಳು ಗುಣಿಸುವ ಚಿಹ್ನೆಯಂತೆ ಒಂದನ್ನೊಂದು ಕತ್ತರಿಸಿದ್ದರೆ ಅದು ನೋ ಸ್ಟಾಪಿಂಗ್. ಅಲ್ಲಿ ಯಾರನ್ನೂ ಇಳಿಸುವಂತೆಯೂ ಇಲ್ಲ, ಹತ್ತಿಸುವಂತೆಯೂ ಇಲ್ಲ. ಬಹುಪಾಲು ಚಾಲಕರು ಇವೆರಡನ್ನೂ ಒಂದೇ ಎಂದು ಓದುತ್ತಾರೆ, ಓದಿದ ಮೇಲೆ ಎರಡನ್ನೂ ಸಮಾನವಾಗಿ ಕಡೆಗಣಿಸುತ್ತಾರೆ.

ಈ ವ್ಯತ್ಯಾಸವನ್ನು ಗೊಂದಲಗೊಳಿಸಿರುವ ಎರಡು ಅಭ್ಯಾಸಗಳಿವೆ. ಒಂದು, ನಾಲ್ಕೂ ಇಂಡಿಕೇಟರ್‌ಗಳನ್ನು ಮಿನುಗಿಸಿ ಹೋಗುವುದು. ವಾಹನ ಕೆಟ್ಟಾಗ, ಅಪಾಯದಲ್ಲಿದ್ದಾಗ ಹಿಂದಿನವರನ್ನು ಎಚ್ಚರಿಸಲು ಇರುವ ಈ ದೀಪ ನಮ್ಮ ಪೇಟೆಗಳಲ್ಲಿ “ಎರಡು ನಿಮಿಷ, ಈಗ ಬಂದೆ” ಎಂಬ ಚೀಟಿಯಾಗಿಬಿಟ್ಟಿದೆ. ನಿಷೇಧವಿರುವ ಜಾಗದಲ್ಲಿ ಅದು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಇಲ್ಲಿ ಏನೋ ಸರಿಯಿಲ್ಲ ಎಂದು ನೀವೇ ಸಾರಿದಂತೆ ಅಷ್ಟೇ. ಎರಡನೆಯದು, ಎಂಜಿನ್ ಚಾಲೂ ಇಟ್ಟು ಮಗನನ್ನೋ ಮಗಳನ್ನೋ ಪಕ್ಕದ ಸೀಟಿನಲ್ಲಿ ಕೂರಿಸಿ ಔಷಧದ ಅಂಗಡಿಗೆ ಹೋಗುವುದು. ಕಾಯ್ದೆಯ 126ನೇ ಕಲಂ ಪ್ರಕಾರ ಚಾಲಕನ ಆಸನದಲ್ಲಿ ಲೈಸೆನ್ಸ್ ಇರುವವರು ಕುಳಿತಿರಬೇಕು, ಇಲ್ಲವೇ ಎಂಜಿನ್ ನಿಲ್ಲಿಸಿ, ವಾಹನ ತಾನಾಗಿ ಚಲಿಸದಂತೆ ಬ್ರೇಕ್ ಹಾಕಿರಬೇಕು. ಪಕ್ಕದ ಸೀಟಿನಲ್ಲಿರುವ ಹನ್ನೆರಡು ವರ್ಷದ ಹುಡುಗ ಈ ಎರಡರಲ್ಲಿ ಯಾವುದೂ ಅಲ್ಲ.

ಇನ್ನು ನೆಲದ ಮೇಲಿನ ಗೆರೆಗಳಿಗೆ ಬರೋಣ. ಇವುಗಳ ಆಕಾರ, ಅಳತೆ, ಬಣ್ಣಗಳನ್ನು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ 35ನೇ ಸಂಹಿತೆ ನಿರ್ಧರಿಸುತ್ತದೆ. ಫಲಕಗಳಿಗೆ ಇರುವುದು 67ನೇ ಸಂಹಿತೆ. ಆದ್ದರಿಂದ ಸುರತ್ಕಲ್‌ನಲ್ಲಿ ಕಾಣುವ ಗೆರೆಗೂ ಸೂರತ್‌ನಲ್ಲಿ ಕಾಣುವ ಗೆರೆಗೂ ಅರ್ಥ ಒಂದೇ. ಸ್ಥೂಲವಾಗಿ ಹೇಳುವುದಾದರೆ ತುಂಡು ಗೆರೆ ದಾರಿ ತೋರಿಸುತ್ತದೆ, ಅಖಂಡ ಗೆರೆ ತಡೆಯುತ್ತದೆ. ಬಿಳಿ ಬಣ್ಣ ಜಾಗವನ್ನು ವಿಂಗಡಿಸುತ್ತದೆ, ಹಳದಿ ಬಣ್ಣ ಹೆಚ್ಚಾಗಿ ನಿಷೇಧವನ್ನು ಸೂಚಿಸುತ್ತದೆ.

ರಸ್ತೆಯ ನಡುವಿನ ತುಂಡು ಗೆರೆಯನ್ನು ಎದುರಿನಿಂದ ಯಾರೂ ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡು ದಾಟಬಹುದು. ಅಖಂಡ ಗೆರೆಯನ್ನು ದಾಟುವಂತಿಲ್ಲ. ಜೋಡಿ ಅಖಂಡ ಗೆರೆಯಿದ್ದರೆ ಎರಡೂ ಬದಿಯವರಿಗೂ ಕಟ್ಟುನಿಟ್ಟಿನ ನಿಷೇಧ. ಒಂದು ತುಂಡು ಮತ್ತು ಒಂದು ಅಖಂಡ ಗೆರೆ ಜೊತೆಯಾಗಿ ಸಾಗುತ್ತಿದ್ದರೆ ನಿಮ್ಮ ಬದಿಗೆ ಹತ್ತಿರವಿರುವ ಗೆರೆ ಯಾವುದೋ ಅದು ನಿಮಗೆ ಅನ್ವಯ. ನಿಲುಗಡೆಗೂ ನಡುಗೆರೆಗೂ ಏನು ಸಂಬಂಧ ಎಂಬ ಪ್ರಶ್ನೆ ಇಲ್ಲಿ ಏಳಬಹುದು. ನಡುವೆ ಅಖಂಡ ಗೆರೆಯಿರುವ ಕಡೆ ಪಾರ್ಕಿಂಗ್ ಮಾಡಬಾರದೆಂದು 1989ರ ನಿಬಂಧನೆಗಳು ಸ್ಪಷ್ಟವಾಗಿ ಹೇಳಿದ್ದವು, ಮತ್ತು ಅದರ ತರ್ಕ ಬಹಳ ಅಚ್ಚುಕಟ್ಟಾದದ್ದು: ಮುಂದೆ ತಿರುವೋ ನೆತ್ತಿಯೋ ಇದೆಯೆಂದೇ ಅಲ್ಲಿ ದಾಟದ ಗೆರೆ ಎಳೆದಿರುತ್ತಾರೆ, ಅಲ್ಲಿ ನೀವು ಬದಿಯಲ್ಲಿ ಕಾರು ನಿಲ್ಲಿಸಿದರೆ, ಹಿಂದೆ ಬರುವ ಪ್ರತಿಯೊಬ್ಬನೂ ಆ ಗೆರೆಯನ್ನು ದಾಟಿಯೇ ನಿಮ್ಮನ್ನು ಬಳಸಬೇಕು. ನಿಮ್ಮ ಒಂದು ನಿಲುಗಡೆ ನೂರು ಜನರನ್ನು ನಿಯಮ ಮುರಿಯುವಂತೆ ಮಾಡುತ್ತದೆ.

ಅಂಚಿನ ಗೆರೆಯಲ್ಲಿ ಬಣ್ಣ ಮುಖ್ಯ. ರಸ್ತೆಯಂಚಿನ ಬಿಳಿ ಅಖಂಡ ಗೆರೆ ಡಾಂಬರಿನ ಓಡಾಟದ ಭಾಗ ಎಲ್ಲಿ ಮುಗಿಯಿತೆಂದು ಹೇಳುತ್ತದೆಯೇ ಹೊರತು, ಅದರಾಚೆ ನಿಲ್ಲಿಸಲು ಆಹ್ವಾನವನ್ನಾಗಲಿ ನಿಷೇಧವನ್ನಾಗಲಿ ತಾನಾಗಿ ಕೊಡುವುದಿಲ್ಲ. ಅಂಚಿನಲ್ಲಿ ಅಥವಾ ಫುಟ್‌ಪಾತಿನ ಅಂಚುಗಲ್ಲಿನ ಮೇಲೆ ಹಳದಿ ಅಖಂಡ ಗೆರೆ ಬಳಿದಿದ್ದರೆ ಅದು ನೋ ಪಾರ್ಕಿಂಗ್. ಆ ಗೆರೆ ಎಷ್ಟು ದೂರವಿದೆಯೋ ಅಷ್ಟು ದೂರದ ತನಕ, ಬೋರ್ಡ್ ಕಾಣಲಿ ಕಾಣದಿರಲಿ. ಅಂಚುಗಲ್ಲಿಗೆ ಕಪ್ಪು ಬಿಳುಪು ಪಟ್ಟಿ ಬಳಿಯುವುದು ಕತ್ತಲಲ್ಲಿ ಡಿವೈಡರ್, ಸರ್ಕಲ್‌ಗಳ ಅಂಚು ಕಾಣಲೆಂದು. ಹಳದಿ ಇಲ್ಲ, ಕಪ್ಪು ಬಿಳುಪಿದೆ, ಆದ್ದರಿಂದ ನಿಲ್ಲಿಸಬಹುದು ಎಂದು ನನ್ನೊಡನೆ ವಾದಿಸಿದವರಿದ್ದಾರೆ. ಆ ಬಣ್ಣಕ್ಕೆ ಪಾರ್ಕಿಂಗಿನ ವಿಷಯದಲ್ಲಿ ಯಾವ ಅಭಿಪ್ರಾಯವೂ ಇಲ್ಲ.

ಪಾದಚಾರಿ ಪಟ್ಟೆಯ ಪ್ರತಿ ಬಿಳಿ ಪಟ್ಟಿ ಅರ್ಧ ಮೀಟರ್ ಅಗಲವಿರುತ್ತದೆ, ಅದಕ್ಕೂ ಮೊದಲು ವಾಹನಗಳು ನಿಲ್ಲಬೇಕಾದ ಅಡ್ಡಗೆರೆ ಇರುತ್ತದೆ. ಆ ಅಡ್ಡಗೆರೆ ಮುಂದಿನ ಚಕ್ರಕ್ಕಲ್ಲ, ವಾಹನದ ಮೂತಿಗೆ. ಜಂಕ್ಷನ್ನಿನ ನಡುವೆ ಹಳದಿ ಓರೆಗೆರೆಗಳನ್ನು ಬಲೆಯಂತೆ ಹೆಣೆದ ಚೌಕವಿದ್ದರೆ, ಆಚೆ ಬದಿಯಲ್ಲಿ ನಿಮ್ಮ ವಾಹನಕ್ಕೆ ಜಾಗ ಖಾಲಿಯಾಗುವ ತನಕ, ಸಿಗ್ನಲ್ ಹಸಿರಾಗಿದ್ದರೂ, ಅದರೊಳಗೆ ಕಾಲಿಡಬಾರದು. ಕ್ಷಣಮಾತ್ರವೂ ನಿಲ್ಲಬಾರದ ಜಾಗ ರಸ್ತೆಯಲ್ಲಿ ಯಾವುದೆಂದರೆ ಇದೇ.

ಪಾರ್ಕಿಂಗ್‌ಗೆಂದೇ ಎಳೆದ ಬಿಳಿ ಚೌಕಗಳನ್ನು ಓದುವುದು ಕಷ್ಟವಲ್ಲ. ಕಾರಿನ ಚೌಕಕ್ಕೆ ಬಳಸುವ ಪ್ರಮಾಣ ಸುಮಾರು 5 ಮೀಟರ್ ಉದ್ದ, 2.5 ಮೀಟರ್ ಅಗಲ. ಚೌಕ ರಸ್ತೆಗೆ ಸಮಾನಾಂತರವಾಗಿದ್ದರೆ ವಾಹನವೂ ಹಾಗೆಯೇ ನಿಲ್ಲಬೇಕು, ಓರೆಯಾಗಿದ್ದರೆ ಓರೆಯಾಗಿ. ಜಾಗ ಉಳಿಸುವ ಹುಮ್ಮಸ್ಸಿನಲ್ಲಿ ಸಮಾನಾಂತರ ಚೌಕಗಳಲ್ಲಿ ಮೂತಿ ಒಳಗೆ ತೂರಿಸಿ ನಿಲ್ಲಿಸುವವರ ಕಾರಿನ ಹಿಂಭಾಗ ರಸ್ತೆಗೆ ಒಂದೂವರೆ, ಎರಡು ಮೀಟರಿನಷ್ಟು ಚಾಚಿಕೊಂಡಿರುತ್ತದೆ. ಗಾಲಿಕುರ್ಚಿಯ ಚಿತ್ರವಿರುವ ಚೌಕ ಅಂಗವಿಕಲರಿಗೆ ಮೀಸಲು. ಅದು ಖಾಲಿ ಬಿದ್ದಿರುವುದು ವ್ಯರ್ಥವಲ್ಲ, ಅದರ ಉದ್ದೇಶವೇ ಬೇಕಾದಾಗ ಖಾಲಿ ಇರುವುದು.

ನೀಲಿ ಹಲಗೆಯ ಮೇಲೆ ಬಿಳಿಯ ‘ಪಿ’ ಅಕ್ಷರವಿರುವ ಫಲಕ ನಿಲುಗಡೆಗೆ ಅನುಮತಿ ಕೊಡುತ್ತದೆ, ಆದರೆ ಅದರ ಕೆಳಗಿನ ಚಿಕ್ಕ ಪಟ್ಟಿಯನ್ನು ಓದದಿದ್ದರೆ ಫಲಕವನ್ನು ಅರ್ಧ ಓದಿದಂತೆ. ಸ್ಕೂಟರಿನ ಚಿತ್ರವಿದ್ದರೆ ಅಲ್ಲಿ ಕಾರಿಗೆ ಅವಕಾಶವಿಲ್ಲ; ಆಟೋದ ಚಿತ್ರವಿದ್ದರೆ ಇಬ್ಬರಿಗೂ ಇಲ್ಲ. ಬಾಣದ ಗುರುತು ಅನುಮತಿ ಅಥವಾ ನಿಷೇಧ ಕಂಬದ ಯಾವ ಬದಿಗೆ ಹರಡಿದೆಯೆಂದು ಹೇಳುತ್ತದೆ, ಗಂಟೆಗಳನ್ನು ಬರೆದಿದ್ದರೆ ಆ ಹೊತ್ತಿಗೆ ಮಾತ್ರ ಅನ್ವಯ. ಎರಡು ಕಂಬಗಳ ನಡುವೆ ಎರಡು ಬಾಣಗಳು ಪರಸ್ಪರ ಎದುರಾಗಿದ್ದರೆ ಅವುಗಳ ನಡುವಿನ ಅಷ್ಟೂ ಉದ್ದ ಆ ಸೂಚನೆಗೆ ಒಳಪಟ್ಟಿದೆ ಎಂದು ತಿಳಿಯಬೇಕು. ಕಂಬದಿಂದ ಹತ್ತು ಹೆಜ್ಜೆ ದೂರ ಹೋಗಿ ನಿಲ್ಲಿಸಿದರೆ ಫಲಕದ ಅಧಿಕಾರ ಮುಗಿಯಿತು ಎಂಬ ಜಾಣತನ ಇಲ್ಲಿ ನಡೆಯದು.

ಈ ಫಲಕಗಳನ್ನು ನೆಡುವ ಅಧಿಕಾರ ಯಾರದು ಎಂಬುದೂ ನಮ್ಮ ಊರುಗಳಲ್ಲಿ ಮುಖ್ಯವಾದ ಪ್ರಶ್ನೆ, ಏಕೆಂದರೆ ಅಧಿಕೃತ ಬೋರ್ಡುಗಳಿಗಿಂತ ಅಂಗಡಿಯವರು, ಮನೆಯವರು ಬರೆಸಿ ನಿಲ್ಲಿಸಿದ ಬೋರ್ಡುಗಳೇ ಹೆಚ್ಚು ಕಾಣುತ್ತವೆ. ವಾಹನ ಸಂಚಾರದ ನಿರ್ಬಂಧ, ಫಲಕಗಳ ಸ್ಥಾಪನೆ, ನಿಲುಗಡೆ ತಾಣಗಳ ನಿಗದಿ ಇವು ಕಾಯ್ದೆಯ 115, 116, 117ನೇ ಕಲಂಗಳ ಅಡಿ ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಪ್ರಾಧಿಕಾರ ಮಾಡುವ ಕೆಲಸ. ಉಡುಪಿಯಲ್ಲಿ ಇಂಥ ಆದೇಶಗಳು ಜಿಲ್ಲಾ ದಂಡಾಧಿಕಾರಿಯೂ ಆಗಿರುವ ಜಿಲ್ಲಾಧಿಕಾರಿಯವರಿಂದ ಬರುತ್ತವೆ. 2010ರಲ್ಲಿ ಪೊಲೀಸ್ ಕಮಿಷನರೇಟ್ ಆದ ಮಂಗಳೂರು ನಗರದಲ್ಲಿ ಕಮಿಷನರ್ ಕಚೇರಿಯಿಂದ. 116ನೇ ಕಲಂ ಇನ್ನೊಂದು ಮಾತನ್ನೂ ಹೇಳುತ್ತದೆ: ಹೀಗೆ ಅಧಿಕಾರ ಪಡೆದವರ ಹೊರತು ಬೇರೆ ಯಾರೂ ಸಾರ್ವಜನಿಕ ಸ್ಥಳದ ರಸ್ತೆಯ ಮೇಲಾಗಲಿ ಬದಿಯಲ್ಲಾಗಲಿ ಸಂಚಾರ ಫಲಕ ಇಡುವಂತಿಲ್ಲ.

ಆದ್ದರಿಂದ ಅಂಗಡಿಯ ಮುಂದೆ “ಗ್ರಾಹಕರ ವಾಹನಗಳಿಗೆ ಮಾತ್ರ” ಎಂಬ ಹಲಗೆ, ಮನೆಯ ಕಾಂಪೌಂಡಿನ ಹೊರಗೆ ಸಾಲಾಗಿಟ್ಟ ಹೂಕುಂಡ, ಕಲ್ಲು, ಹಗ್ಗ ಕಟ್ಟಿದ ಪ್ಲಾಸ್ಟಿಕ್ ಕೋನ್ ಇವು ಯಾವುವೂ ಸಾರ್ವಜನಿಕ ರಸ್ತೆಯ ಜಾಗವನ್ನು ಖಾಸಗಿಯಾಗಿಸುವುದಿಲ್ಲ. ಆದರೆ ಇದನ್ನು ತಿಳಿದ ಕೂಡಲೇ ಚಾಲಕರು ಇನ್ನೊಂದು ತುದಿಗೆ ಹೋಗುವುದುಂಟು. ಮನೆಯ ಮುಂದಿನ ರಸ್ತೆ ಮನೆಯವರದಲ್ಲ, ನಿಜ. ಗೇಟಿನಿಂದ ರಸ್ತೆಗೆ ಬರುವ ದಾರಿ ಮಾತ್ರ ಅವರ ಹಕ್ಕು. ಯಾವುದೇ ಆವರಣದ ಪ್ರವೇಶವನ್ನು ತಡೆಯುವಂತೆ ನಿಲ್ಲಿಸಬಾರದು ಎಂಬುದು ಬೋರ್ಡಿಲ್ಲದೆಯೇ ಅನ್ವಯಿಸುವ ನಿಯಮಗಳಲ್ಲಿ ಒಂದು. ಹಾಗಾಗಿ ಗೇಟಿನ ಮೇಲೆ ಮನೆಯವರು ಬರೆಸಿದ “ಗೇಟಿನ ಎದುರು ಪಾರ್ಕ್ ಮಾಡಬೇಡಿ” ಎಂಬ ಬರಹಕ್ಕೆ ತನ್ನದೇ ಆದ ಬಲವಿಲ್ಲದಿದ್ದರೂ, ಅದು ನೆನಪಿಸುತ್ತಿರುವ ನಿಯಮಕ್ಕೆ ಪೂರ್ತಿ ಬಲವಿದೆ. ಗೇಟಿನ ಅಗಲ ಬಿಟ್ಟು ಉಳಿದ ಕಾಂಪೌಂಡಿನ ಉದ್ದಕ್ಕೆ ಈ ಮಾತು ಹೊಂದುವುದಿಲ್ಲ. ನೆರೆಹೊರೆಯ ಅರ್ಧದಷ್ಟು ಜಗಳಗಳು ಈ ಎರಡನ್ನು ಬೇರ್ಪಡಿಸಿ ನೋಡದಿರುವುದರಿಂದಲೇ ಹುಟ್ಟುತ್ತವೆ ಎಂದು ನನ್ನ ಅಂದಾಜು. ನೆಲಮಾಳಿಗೆಯಲ್ಲಿ ಪಾರ್ಕಿಂಗ್ ತೋರಿಸಿ ಪರವಾನಗಿ ಪಡೆದು, ಬಳಿಕ ಅಲ್ಲಿ ಗೋದಾಮು ತೆರೆದು, ಗ್ರಾಹಕರನ್ನು ರಸ್ತೆಗೆ ಬಿಡುವ ಕಟ್ಟಡಗಳ ಕಥೆ ಬೇರೆಯೇ ಇದೆ. ಅದು ಚಾಲಕನ ಕೈಯಲ್ಲಿರುವ ಸಂಗತಿಯಲ್ಲ.

ಫುಟ್‌ಪಾತ್ ಮೇಲಿನ ನಿಲುಗಡೆಯನ್ನು ಸಣ್ಣ ತಪ್ಪೆಂದು ಎಣಿಸುವವರು ಹೆಚ್ಚು, ಮುಖ್ಯವಾಗಿ ದ್ವಿಚಕ್ರ ಸವಾರರು. ಕರಾವಳಿಯಲ್ಲಿ ಅದಕ್ಕೆ ಇನ್ನೊಂದು ಮುಖವೂ ಇದೆ. ನಮ್ಮಲ್ಲಿ ಅನೇಕ ಕಡೆ ಫುಟ್‌ಪಾತ್ ಎಂದರೆ ಮಳೆನೀರಿನ ಚರಂಡಿಯ ಮೇಲೆ ಹೊದಿಸಿದ ಸ್ಲ್ಯಾಬುಗಳ ಸಾಲು. ಜನ ನಡೆಯಲೆಂದು ಹಾಕಿದ ಸ್ಲ್ಯಾಬಿನ ಮೇಲೆ ಟನ್ನುಗಟ್ಟಲೆ ತೂಗುವ ಕಾರಿನ ಎರಡು ಚಕ್ರ ಏರಿದರೆ ಅದು ಬಿರುಕು ಬಿಡುತ್ತದೆ. ಜೂನ್‌ನಲ್ಲಿ ಚರಂಡಿ ತುಂಬಿ ಹರಿಯುವಾಗ ಆ ಬಿರುಕು ಯಾರ ಕಾಲಿಗೆ ಕಾದಿದೆಯೆಂದು ಹೇಳಲಾಗದು.

ಮಳೆಗಾಲ ಗೆರೆಗಳ ಪಾಲಿಗೂ ಕಷ್ಟದ ಕಾಲ. ರಸ್ತೆಗೆ ಬಳಿಯುವ ಥರ್ಮೋಪ್ಲಾಸ್ಟಿಕ್ ಬಣ್ಣವನ್ನು ಕಾಯಿಸಿ ಕರಗಿಸಿ ಹಾಕುತ್ತಾರೆ, ಅದರಲ್ಲಿ ಸಣ್ಣ ಗಾಜಿನ ಮಣಿಗಳು ಬೆರೆತಿರುತ್ತವೆ. ರಾತ್ರಿ ಹೆಡ್‌ಲೈಟಿನ ಬೆಳಕು ಆ ಮಣಿಗಳೊಳಗೆ ಹೊಕ್ಕು ಬಂದ ದಾರಿಯಲ್ಲೇ ಚಾಲಕನ ಕಣ್ಣಿಗೆ ಮರಳುವುದರಿಂದ ಗೆರೆ ಹೊಳೆಯುತ್ತದೆ. ಜೋರು ಮಳೆಯಲ್ಲಿ ಮಣಿಗಳ ಮೇಲೆ ನೀರಿನ ಪದರ ನಿಂತರೆ ಬೆಳಕು ಬೇರೆ ದಿಕ್ಕಿಗೆ ಚದುರಿ ಗೆರೆ ಮಾಯವಾಗುತ್ತದೆ. ವರ್ಷಕ್ಕೆ ಮೂರು ಮೀಟರಿಗೂ ಮೀರಿ ಮಳೆ ಸುರಿಯುವ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ, ಬದಿಯ ಕೆಂಪುಮಣ್ಣು ಕೊಚ್ಚಿ ಬಂದು ಅಂಚಿನ ಹಳದಿ ಗೆರೆಯನ್ನು ಮುಚ್ಚುವುದೂ ಸಾಮಾನ್ಯ. ಅಳಿಸಿಹೋದ ಗೆರೆಯ ಬಗ್ಗೆ ದಂಡದ ಚೀಟಿ ಬಂದಾಗ ವಾದಿಸಲು ಅವಕಾಶವಿರಬಹುದು. ಆದರೆ ಗೆರೆ ಅಳಿದ ಮಾತ್ರಕ್ಕೆ ತಿರುವು ನೇರವಾಗುವುದಿಲ್ಲ, ಬಸ್ ನಿಲ್ದಾಣ ಎದ್ದು ಹೋಗುವುದಿಲ್ಲ. ಬೋರ್ಡಿಲ್ಲದೆಯೇ ಇರುವ ನಿಯಮಗಳು ಅಲ್ಲಿಯೇ ಇರುತ್ತವೆ.

ಇಳಿಜಾರಿನಲ್ಲಿ ನಿಲ್ಲಿಸುವ ಕ್ರಮವನ್ನು ಚಾಲನಾ ತರಬೇತಿಯಲ್ಲಿ ಹೇಳಿಕೊಟ್ಟರೂ ಮರೆಯುವವರೇ ಜಾಸ್ತಿ. ಮೂತಿ ಇಳಿಜಾರಿನ ಕಡೆಗಿದ್ದರೆ ಮುಂದಿನ ಚಕ್ರಗಳನ್ನು ಎಡಕ್ಕೆ, ಅಂಚುಗಲ್ಲಿನತ್ತ ತಿರುಗಿಸಿಡಬೇಕು; ಹ್ಯಾಂಡ್‌ಬ್ರೇಕ್ ಸಡಿಲವಾದರೂ ಕಾರು ಕಲ್ಲಿಗೆ ತಾಗಿ ನಿಲ್ಲುತ್ತದೆ. ಮೂತಿ ಏರಿನ ಕಡೆಗಿದ್ದು ಅಂಚುಗಲ್ಲು ಇದ್ದರೆ ಚಕ್ರಗಳನ್ನು ಬಲಕ್ಕೆ ತಿರುಗಿಸಬೇಕು, ಹಿಂದಕ್ಕೆ ಜಾರಿದಾಗ ಚಕ್ರದ ಹಿಂಭಾಗ ಕಲ್ಲಿಗೆ ಒರಗುತ್ತದೆ. ಅಂಚುಗಲ್ಲು ಇಲ್ಲದಿದ್ದರೆ ಎಡಕ್ಕೆ ತಿರುಗಿಸಬೇಕು, ಜಾರಿದರೂ ವಾಹನದ ಹಿಂಭಾಗ ರಸ್ತೆಯಿಂದ ಹೊರಕ್ಕೆ ಹೊರಳುತ್ತದೆ. ಏರಿನಲ್ಲಿ ಮೊದಲ ಗೇರ್, ಇಳಿಜಾರಿನಲ್ಲಿ ರಿವರ್ಸ್ ಗೇರ್ ಹಾಕಿಡುವುದು ಇದರ ಜೊತೆಗಿನ ಮಾತು.

ರಾಷ್ಟ್ರೀಯ ಹೆದ್ದಾರಿ 66ರ ವಿಷಯಕ್ಕೆ ಬಂದರೆ ಎಲ್ಲವೂ ಇನ್ನಷ್ಟು ಬಿಗಿಯಾಗುತ್ತದೆ. ಬಿಳಿ ಅಂಚುಗೆರೆಯ ಆಚೆಗಿನ ಭುಜ, ಅಂದರೆ ರಸ್ತೆ ಬದಿಯ ಪಟ್ಟಿ, ವಾಹನ ಕೆಟ್ಟವರಿಗೆ, ತುರ್ತಿನವರಿಗೆ ಇರುವ ಜಾಗ. ರಾತ್ರಿ ಅಲ್ಲಿ ಪಾರ್ಕಿಂಗ್ ದೀಪವಿಲ್ಲದೆ ನಿಂತ ಲಾರಿ, ಎದುರು ವಾಹನಗಳ ಹೆಡ್‌ಲೈಟಿನಿಂದ ಕಣ್ಣು ಕೋರೈಸಿದ ಬೈಕ್ ಸವಾರನಿಗೆ ಗುದ್ದುವ ತನಕ ಕಾಣದಿರಬಹುದು. ವಾಹನ ಕೆಟ್ಟರೆ ಹಜಾರ್ಡ್ ದೀಪ, ಅಂದರೆ ನಾಲ್ಕೂ ಇಂಡಿಕೇಟರ್‌ಗಳನ್ನು ಹಾಕಿ ಹಿಂದೆ ಸಾಕಷ್ಟು ದೂರದಲ್ಲಿ ಪ್ರತಿಫಲಿಸುವ ಕೆಂಪು ತ್ರಿಕೋನ ಇಡಬೇಕು. ಅದರ ಬದಲು ಸೊಪ್ಪಿನ ಕೊಂಬೆ, ಕಲ್ಲು ಇಟ್ಟು, ಹೋಗುವಾಗ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುವ ಪದ್ಧತಿಯಿಂದ ಬೇರೆಯೇ ಅಪಘಾತಗಳು ಹುಟ್ಟುತ್ತವೆ.

ಕಾಯಂ ಆದೇಶಗಳಲ್ಲದೆ ತಾತ್ಕಾಲಿಕ ಆದೇಶಗಳೂ ಇವೆ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಉಡುಪಿಯ ಪರ್ಯಾಯ, ನವರಾತ್ರಿಯ ಹೊತ್ತಿನ ಮಂಗಳೂರು ದಸರಾ ಇಂಥ ಸಂದರ್ಭಗಳಲ್ಲಿ ಯಾವ ರಸ್ತೆ ಮುಚ್ಚಿದೆ, ಯಾವ ದಿಕ್ಕಿನಿಂದ ಬಂದವರು ಎಲ್ಲಿ ವಾಹನ ಬಿಡಬೇಕು ಎಂಬುದನ್ನು ಮೊದಲೇ ಪತ್ರಿಕೆಗಳಲ್ಲಿ ಪ್ರಕಟಿಸುತ್ತಾರೆ. ನಿನ್ನೆ ತನಕ ‘ಪಿ’ ಫಲಕವಿದ್ದ ಜಾಗವೂ ಆ ದಿನ ನಿಷೇಧಿತವಾಗಿರಬಹುದು.

ನಿಯಮ ಮೀರಿದರೆ ತೆರಬೇಕಾದದ್ದು ಎರಡು ಬಗೆಯದು, ಮತ್ತು ಎರಡನೆಯದು ಹಲವರಿಗೆ ಅನಿರೀಕ್ಷಿತ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ 177ಎ ಕಲಂ ಪ್ರಕಾರ ಚಾಲನಾ ನಿಬಂಧನೆಗಳನ್ನು ಮುರಿದವರಿಗೆ 500 ರೂಪಾಯಿಗೆ ಕಡಿಮೆಯಿಲ್ಲದ, 1,000 ರೂಪಾಯಿ ತನಕದ ದಂಡವಿದೆ. ಇದರ ಜೊತೆಗೆ 127ನೇ ಕಲಂ ಇದೆ. ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಹೆಚ್ಚು ಕಾಲ ಅನಾಥವಾಗಿ ಬಿಟ್ಟ ವಾಹನವನ್ನು, ಅಥವಾ ನಿಷೇಧಿತ ಜಾಗದಲ್ಲಿ ನಿಲ್ಲಿಸಿದ ವಾಹನವನ್ನು, ಎಳೆದೊಯ್ಯಲು ಇಲ್ಲವೇ ಅದರ ಚಕ್ರಕ್ಕೆ ಬೀಗ ಹಾಕಲು ಸಮವಸ್ತ್ರದಲ್ಲಿರುವ, ಆ ವ್ಯಾಪ್ತಿಯ ಪೊಲೀಸ್ ಅಧಿಕಾರಿ ಅನುಮತಿ ಕೊಡಬಹುದು. ಹತ್ತು ಗಂಟೆಯ ಮಾತು ಅನಾಥ ವಾಹನಕ್ಕೆ ಮಾತ್ರ. ನಿಷೇಧಿತ ಜಾಗಕ್ಕೆ ಕಾಲಮಿತಿಯೇ ಇಲ್ಲ, ಐದು ನಿಮಿಷವೂ ಸಾಕು. ಅನುಮತಿ ಕೊಡಬೇಕಾದವರು ಪೊಲೀಸ್ ಅಧಿಕಾರಿ, ಟೋಯಿಂಗ್ ಲಾರಿಯ ಹುಡುಗರಲ್ಲ ಎಂಬುದನ್ನು ಮಾಲೀಕರೂ ನೆನಪಿಡಬಹುದು. ಎಳೆದೊಯ್ದ ಖರ್ಚು ಪೂರ್ತಿ ಮಾಲೀಕನದು, ಅದೂ ದಂಡದ ಹೊರತಾಗಿ. ಆದ್ದರಿಂದ ನಿಲ್ಲಿಸಿದ ಜಾಗದಲ್ಲಿ ಬೈಕ್ ಕಾಣದಿದ್ದರೆ, ಕಳವಾಯಿತೆಂದು ದೂರು ಬರೆಯುವ ಮೊದಲು ಹತ್ತಿರದ ಸಂಚಾರ ಠಾಣೆಯ ಅಂಗಳವನ್ನು ಒಮ್ಮೆ ನೋಡಿಬರುವುದು ಒಳಿತು; ನನ್ನ ಸ್ಕೂಟರ್ ಒಮ್ಮೆ ಸಿಕ್ಕಿದ್ದು ಅಲ್ಲಿಯೇ, ನಾನು ಅದನ್ನು ನಿಲ್ಲಿಸಿದ್ದದ್ದು ಬಸ್ ನಿಲ್ದಾಣದ ಪಕ್ಕದಲ್ಲಿ, ಮತ್ತು ಅಲ್ಲಿ ಯಾವ ಬೋರ್ಡೂ ಇರಲಿಲ್ಲ.